ಗಾಳಿ ನೋಡಿ ರಸ್ತೆ ಹಿಡಿಯೋದು: ಕಲಬುರಗಿಯಲ್ಲಿ ನನ್ನ ರೇಸ್ ತಯಾರಿ

ಕಲಬುರಗಿಯಲ್ಲಿದ್ದು ಸೈಕಲ್ ರೇಸ್‌ಗೆ ತಯಾರಾಗ್ತೀನಿ ಅಂದರೆ ಜನ ಮೊದಲು ಕೇಳೋದು, "ಇಲ್ಲಿ ಏರು ಎಲ್ಲಿದೆ?" ಅಂತ. ನಿಜ, ಕಮಲಾಪುರದ ಕಡೆ ಒಂದಿಷ್ಟು ಏರಿಳಿತ ಬಿಟ್ಟರೆ ಉಳಿದದ್ದೆಲ್ಲ ಕಪ್ಪು ಮಣ್ಣಿನ ಬಯಲು, ತೊಗರಿ ಹೊಲ. ಆದರೆ ಆ ಬಯಲಲ್ಲಿ ಗಾಳಿಗೆ ತಡೆ ಅನ್ನೋದೇ ಇಲ್ಲ. ನನಗೆ ಅದೇ ಘಾಟಿ. ವಿಜಯಪುರ, ಬಾಗಲಕೋಟೆ ಕಡೆಯಿಂದ ಅಷ್ಟೊಂದು ಒಳ್ಳೆಯ ಸೈಕ್ಲಿಸ್ಟ್‌ಗಳು ಬಂದಿದ್ದಾರಲ್ಲ, ಅವರ ರಸ್ತೆಗಳೂ ಬಹುಪಾಲು ಇಂಥವೇ.

ಹಾಗಾಗಿ ನನ್ನ ಅಭ್ಯಾಸದ ರಸ್ತೆಯನ್ನು ಗಾಳಿಯೇ ಆರಿಸುತ್ತದೆ. ಮಳೆಗಾಲದಲ್ಲಿ ಅದು ಪಶ್ಚಿಮದಿಂದ ಬೀಸುತ್ತದೆ, ಆಗ ಅಫಜಲಪುರ ರಸ್ತೆ. ಚಳಿಗಾಲದಲ್ಲಿ ಪೂರ್ವದ ಕಡೆಯಿಂದ ಬರುತ್ತದೆ, ಆಗ ಸೇಡಂ ರಸ್ತೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನ ಹಿಂದಿನ ಗಾಳಿ. ಕಾಲು ಸೋತ ಮೇಲೆ ಎದುರುಗಾಳಿಯಲ್ಲಿ ಮನೆಗೆ ಬರೋದು ಯಾರಿಗೆ ಬೇಕು?

ಎದುರುಗಾಳಿಯಲ್ಲಿ ವೇಗ ನೋಡಿಕೊಂಡು ಓಡಿಸಬಾರದು. ಗಂಟೆಗೆ 30 ಕಿ.ಮೀ.ನಿಂದ 40ಕ್ಕೆ ಏರಿಸಿದರೆ ಗಾಳಿ ಸೀಳೋಕೆ ಬೇಕಾದ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ತುಳಿಯುವ ಶಕ್ತಿ ಅಳೆಯುವ ಪವರ್ ಮೀಟರ್ ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿ ತಗೊಂಡೆ. ಒಬ್ಬನೇ 30 ನಿಮಿಷ ಪೂರ್ತಿ ಜೋರಾಗಿ ಓಡಿಸಿ, ಕೊನೆಯ 20 ನಿಮಿಷದ ಸರಾಸರಿ ಎದೆಬಡಿತ ಬರೆದಿಟ್ಟುಕೊಂಡೆ. ಆಮೇಲಿನ ಎಲ್ಲ ಲೆಕ್ಕಕ್ಕೂ ಅದೇ ಬುಡ.

ವಾರದ ಬಹುಪಾಲು ಸವಾರಿ ಆ ಸಂಖ್ಯೆಯ 80 ಶೇಕಡಾದ ಆಸುಪಾಸಿನಲ್ಲೇ ಇರುತ್ತದೆ. ಪಕ್ಕದವನ ಜೊತೆ ಆರಾಮಾಗಿ ಮಾತಾಡುತ್ತಾ ಹೋಗುವಷ್ಟು ನಿಧಾನ. ಹಳ್ಳಿ ಹುಡುಗರು ಹಳೇ ಸೈಕಲ್‌ನಲ್ಲಿ ಹಿಂದೆ ಹಾಕಿ ನಗುತ್ತಾ ಹೋಗ್ತಾರೆ, ಹೋಗಲಿ ಬಿಡಿ. ಜೋರಿನ ಕೆಲಸ ವಾರಕ್ಕೆ ಎರಡೇ ದಿನ: ಎದುರುಗಾಳಿಯಲ್ಲಿ 8 ನಿಮಿಷದ ಓಟ ನಾಲ್ಕು ಸಲ, ಮಧ್ಯೆ 4 ನಿಮಿಷ ಸುಧಾರಿಸಿಕೊಳ್ಳೋದು. ಒಂದೆರಡು ಪದಕ್ಕಿಂತ ಜಾಸ್ತಿ ಮಾತಾಡೋಕೆ ಆಗಬಾರದು. ಭಾರದ ಗೇರ್ ತುಳಿಯದೆ ನಿಮಿಷಕ್ಕೆ 85–95 ಸುತ್ತು ಪೆಡಲ್ ತಿರುಗಿಸುತ್ತೇನೆ. ಕೈ ಡ್ರಾಪ್ಸ್ ಮೇಲೆ, ಅಂದರೆ ಹ್ಯಾಂಡಲ್‌ನ ಕೆಳಕ್ಕೆ ಬಾಗಿದ ಭಾಗದ ಮೇಲೆ, ಮೊಣಕೈ ಬಾಗಿರಬೇಕು. ದುಬಾರಿ ಚಕ್ರ ಹಾಕಿಸೋದಕ್ಕಿಂತ ಮೈ ತಗ್ಗಿಸಿ ಕೂರೋದು ಕಲಿತರೆ ಲಾಭ ಜಾಸ್ತಿ, ಖರ್ಚೂ ಇಲ್ಲ.

ಆದರೆ ರೇಸ್‌ನಲ್ಲಿ ಕಾಲಿನ ಬಲ ಅರ್ಧ ಮಾತ್ರ. ಇನ್ನರ್ಧ ಇನ್ನೊಬ್ಬರ ಹಿಂದೆ ಅಡಗಿ ಓಡಿಸೋದು. ಮುಂದಿನವನ ಚಕ್ರಕ್ಕೆ ಹತ್ತಿರ ಇದ್ದರೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಇದನ್ನು ಕಲಿಯೋಕೆ ನಮಗೆ ಜೇವರ್ಗಿ ರಸ್ತೆ ಸಿಕ್ಕಿತು. ಅದು ದಕ್ಷಿಣಕ್ಕೆ ಹೋಗುತ್ತದೆ, ಮಳೆಗಾಲದ ಗಾಳಿ ಬಲಗಡೆಯಿಂದ ಅಡ್ಡ ಹೊಡೆಯುತ್ತದೆ. ಅಡ್ಡಗಾಳಿಯಲ್ಲಿ ನೇರ ಹಿಂದೆ ನಿಂತರೆ ಪ್ರಯೋಜನ ಇಲ್ಲ, ಸ್ವಲ್ಪ ಎಡಕ್ಕೆ ಸರಿದು ನಿಲ್ಲಬೇಕು. ಎಲ್ಲರೂ ಹಾಗೆ ಸರಿದರೆ ಸಾಲು ಓರೆಯಾಗುತ್ತದೆ, ಕೊನೆಯವನಿಗೆ ಡಾಂಬರು ಮುಗಿದು ಮಣ್ಣು ಬರುತ್ತದೆ. ರೇಸ್‌ಗಳಲ್ಲಿ ಗುಂಪು ಒಡೆಯೋದು ಹೀಗೇ. ಅದಕ್ಕೇ ನಾನು ಮೊದಲ ಏಳೆಂಟು ಜನರೊಳಗೆ ಇರೋಕೆ ನೋಡ್ತೀನಿ. ವಾಪಸ್ ಬರುವಾಗ ಮಾತ್ರ ಈ ಆಟ ಇಲ್ಲ. ಆಗ ಗಾಳಿ ಎಡದಿಂದ, ಅಡಗಬೇಕಾದದ್ದು ಬಲಕ್ಕೆ, ಅಂದರೆ ಲಾರಿಗಳ ಕಡೆಗೆ. ಸುಮ್ನೆ ಒಬ್ಬರ ಹಿಂದೆ ಒಬ್ಬರು ಅಂತರ ಬಿಟ್ಟು ಬರ್ತೀವಿ.

ಬೇಸಿಗೆ ಬೇರೆಯೇ ಕಥೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಬೆಳಗ್ಗೆ 5ಕ್ಕೆ ಲೈಟ್ ಹಾಕಿಕೊಂಡು ಹೊರಡ್ತೀನಿ, 8ರೊಳಗೆ ಮನೆ. ಬಿಸಿಲಲ್ಲಿ ಅದೇ ಶ್ರಮಕ್ಕೆ ಎದೆಬಡಿತ ಜಾಸ್ತಿ ತೋರಿಸುತ್ತದೆ, ಆಗ ಯಂತ್ರಕ್ಕಿಂತ ಉಸಿರಿನ ಮಾತು ಕೇಳಬೇಕು. ಮೈ ಬಿಸಿಲಿಗೆ ಒಗ್ಗೋಕೆ ಹತ್ತರಿಂದ ಹದಿನಾಲ್ಕು ದಿನ ಬೇಕು, ಆ ದಿನಗಳಲ್ಲಿ ಜೋರಿನ ಓಟ ಬೇಡ.

ಊಟದಲ್ಲಿ ದೊಡ್ಡ ಬದಲಾವಣೆ ಏನಿಲ್ಲ. ಜೋಳದ ರೊಟ್ಟಿ, ಬೇಳೆ, ಶೇಂಗಾ ಹಿಂಡಿ ದಿನವೂ ಇದ್ದದ್ದೇ. ರೇಸ್‌ನ ಹಿಂದಿನ ರಾತ್ರಿ ಮಾತ್ರ ರೊಟ್ಟಿ ಬಿಟ್ಟು ಅನ್ನ, ಏಕೆಂದರೆ ನಾರು ಜಾಸ್ತಿಯಾದರೆ ಬಾಗಿ ಕೂತಾಗ ಹೊಟ್ಟೆ ಗೊಡಗೊಡ ಅನ್ನುತ್ತದೆ. ಬೆಳಗ್ಗೆ ಚುರುಮುರಿಯ ಸುಸಲಾ, ಎಣ್ಣೆ ಕಡಿಮೆ. ಒಂದು ಗಂಟೆಗಿಂತ ಜಾಸ್ತಿ ಓಡಿಸುವುದಿದ್ದರೆ ಬಾಟಲಿಯಲ್ಲಿ 40 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ನಿಂಬೆರಸ. ಗಂಟೆಗೆ ಒಂದು ಬಾಟಲಿ, ಜೇಬಿನಲ್ಲಿ ಬಾಳೆಹಣ್ಣು. ಅಂಗಡಿಯ ಎನರ್ಜಿ ಜೆಲ್ ಕೆಲಸ ಮಾಡೋದೂ ಇದೇ ಸಕ್ಕರೆಯಿಂದ ಅಲ್ವಾ?

ಟೈರಿಗೆ ಗಾಳಿ ಕಲ್ಲಿನಂತೆ ತುಂಬಿಸುವ ಚಟ ಇಲ್ಲಿ ಬಹಳ ಜನಕ್ಕಿದೆ. ನಮ್ಮ ಒರಟು ಡಾಂಬರಿನಲ್ಲಿ ಅದು ಸೈಕಲನ್ನು ಕುಣಿಸುತ್ತದೆ, ವೇಗ ತಿನ್ನುತ್ತದೆ. 28 ಮಿ.ಮೀ. ಅಗಲದ ಟೈರಿಗೆ ನಾನು 75 ಪಿಎಸ್ಐ ಹಾಕ್ತೀನಿ. ರಸ್ತೆಬದಿಯ ಬಳ್ಳಾರಿ ಜಾಲಿ ಮುಳ್ಳಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಪ್ರತಿ ಸವಾರಿ ಮುಗಿದ ಮೇಲೆ ಟೈರ್ ತಿರುಗಿಸಿ ನೋಡಿ, ಚುಚ್ಚಿದ ಮುಳ್ಳನ್ನು ಅಲ್ಲೇ ಕೀಳ್ತೀನಿ. ಎರಡು ಟ್ಯೂಬ್, ಒಂದು ಪಂಪ್ ಯಾವಾಗಲೂ ಜೊತೆಗಿರುತ್ತವೆ.