ಏರು ಸುಸ್ತು ಮಾಡುತ್ತದೆ, ನೋಯಿಸುವುದು ಇಳಿಜಾರು

ಅಕ್ಟೋಬರ್‌ನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ಮಡಿಕೇರಿಯಲ್ಲಿ ಬೆಳಿಗ್ಗೆ ಓಡುವವರು ಕಾಣಿಸಿಕೊಳ್ಳುತ್ತಾರೆ. ರಾಜಾಸೀಟ್ ರಸ್ತೆಯಲ್ಲಿ, ಮ್ಯಾನ್ಸ್ ಕಾಂಪೌಂಡ್ ಮೈದಾನದಲ್ಲಿ ಹೊಸ ಮುಖ, ಹೊಸ ಶೂ. ಮೂರು ವಾರ ಕಳೆಯುವಷ್ಟರಲ್ಲಿ ಅವರಲ್ಲಿ ಎಷ್ಟೋ ಜನ ಇರುವುದಿಲ್ಲ. ಪೇಟೆಯಲ್ಲಿ ಸಿಕ್ಕಾಗ ಕೇಳಿದರೆ ಉತ್ತರ ಒಂದೇ: ‘ಕಾಲು ನೋವು ಮಾರಾಯ್ರೆ, ಬಿಟ್ಟುಬಿಟ್ಟೆ.’

ನಾನೂ ಒಮ್ಮೆ ಹಾಗೆ ಬಿಟ್ಟವನು. ಮೊದಲ ದಿನವೇ ಮೂರು ಕಿಲೋಮೀಟರ್ ಓಡಿದೆ. ಉಸಿರು ಕಟ್ಟಿದರೂ ಖುಷಿಯಾಯಿತು. ಒಂದು ದಿನವೂ ಬಿಡದೆ ಓಡಿದೆ. ಒಂಬತ್ತನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಕಾಲೂರಿದರೆ ಮುಂಗಾಲಿನ ಮೂಳೆಯ ಉದ್ದಕ್ಕೂ ಚಳಕು. ಅಂಗಳದ ಮೂರು ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ‘ನೋವಿದ್ದರೂ ಓಡು, ತಾನಾಗಿ ಹೋಗುತ್ತೆ’ ಎಂದರು ಒಬ್ಬರು. ‘ಈ ವಯಸ್ಸಿಗೆ ಓಟ ಯಾಕೆ?’ ಎಂದರು ಇನ್ನೊಬ್ಬರು. ಎರಡೂ ತಪ್ಪು ಸಲಹೆ ಎಂದು ಗೊತ್ತಾಗುವಷ್ಟರಲ್ಲಿ ಎರಡು ತಿಂಗಳು ಹೋಗಿತ್ತು. ನಿಮಗೆ ಹಾಗಾಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ವಿಷಯ ತಿಳಿದುಕೊಳ್ಳಿ. ಓಡಲು ಶುರು ಮಾಡಿದ ಮೇಲೆ ಉಸಿರು ಬೇಗ ಹೊಂದಿಕೊಳ್ಳುತ್ತದೆ. ಎರಡು ಮೂರು ವಾರಕ್ಕೇ ‘ಇನ್ನೂ ಓಡಬಹುದು’ ಅನಿಸತೊಡಗುತ್ತದೆ. ಸ್ನಾಯುಗಳಿಗೆ ಕೆಲವು ವಾರ ಬೇಕು. ಮೂಳೆಗೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರುಗಳಿಗೆ ತಿಂಗಳುಗಳೇ ಬೇಕು. ಹೊಸ ಭಾರ ಬಿದ್ದಾಗ ಮೂಳೆ ಮೊದಲು ಹಳೆಯ ಭಾಗವನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಮನೆ ರಿಪೇರಿಯಲ್ಲಿ ಹಳೇ ಗೋಡೆ ಒಡೆದು ಹೊಸದು ಏಳುವ ತನಕ ಇರುತ್ತದಲ್ಲ, ಅಂಥ ಸ್ಥಿತಿ. ಅದೇ ಹೊತ್ತಿಗೆ ಉಸಿರು ಕೊಟ್ಟ ಧೈರ್ಯದಲ್ಲಿ ನಾವು ದೂರ ಜಾಸ್ತಿ ಮಾಡುತ್ತೇವೆ. ಹೊಸಬರ ಕಾಲುನೋವು ಹೆಚ್ಚಾಗಿ ಶುರುವಾಗುವುದು ಇಲ್ಲಿಂದಲೇ.

ಮೊದಲು ಹೆಬ್ಬೆರಳಿನಿಂದ ನೋವನ್ನು ಹುಡುಕಿ

‘ಕಾಲು ನೋವು’ ಎಂದರೆ ಏನೂ ಗೊತ್ತಾಗುವುದಿಲ್ಲ. ಎಲ್ಲಿ ನೋವು ಎಂಬುದರಲ್ಲೇ ಅರ್ಧ ಉತ್ತರ ಇದೆ.

ಕುರ್ಚಿಯಲ್ಲಿ ಕುಳಿತು, ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಅಡ್ಡ ಇಟ್ಟುಕೊಳ್ಳಿ. ಮಂಡಿಯ ಕೆಳಗೆ ಮುಂಗಾಲಿನ ಮೂಳೆ ಚರ್ಮದ ಅಡಿಯಲ್ಲೇ ಸಿಗುತ್ತದೆ. ಅದರ ಒಳಬದಿಯ ಅಂಚಿಗೆ ಹೆಬ್ಬೆರಳು ಒತ್ತಿ, ಕಾಲ್ಗಿಣ್ಣಿನ ಕಡೆಗೆ ನಿಧಾನವಾಗಿ ಜಾರಿಸುತ್ತಾ ಹೋಗಿ. ನಾಲ್ಕು ಬೆರಳಗಲಕ್ಕೋ ಒಂದು ಗೇಣಿಗೋ ಹರಡಿದಂತೆ ನೋಯುತ್ತಿದ್ದರೆ, ಅದು ಓಟಗಾರರು ‘ಶಿನ್ ಸ್ಪ್ಲಿಂಟ್ಸ್’ ಎನ್ನುವ ತೊಂದರೆ ಇರಬಹುದು. ಹೊಸಬರಲ್ಲಿ ಇದು ತುಂಬಾ ಸಾಮಾನ್ಯ. ಓಟ ಶುರು ಮಾಡುವಾಗ ನೋಯುತ್ತದೆ, ಮೈ ಬಿಸಿಯಾದಂತೆ ಕಡಿಮೆ ಅನಿಸುತ್ತದೆ, ಮರುದಿನ ಬೆಳಿಗ್ಗೆ ಮತ್ತೆ ಹಾಜರ್. ಈ ‘ಕಡಿಮೆ ಅನಿಸುವುದು’ ಜನರನ್ನು ಮೋಸ ಮಾಡುತ್ತದೆ.

ಹಾಗಲ್ಲದೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ, ಮುಟ್ಟಿದರೆ ಚೀರುವಷ್ಟು ನೋವಿದೆಯಾ? ರಾತ್ರಿ ಮಲಗಿದಾಗಲೂ ಸೆಳೆಯುತ್ತದೆಯಾ? ಆ ಕಾಲಿನ ಮೇಲೆ ಭಾರ ಹಾಕಲು ಭಯವಾಗುತ್ತದೆಯಾ? ಹಾಗಿದ್ದರೆ ಓಟ ಇವತ್ತೇ ನಿಲ್ಲಿಸಿ. ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು, ಅಂದರೆ ಸ್ಟ್ರೆಸ್ ಫ್ರ್ಯಾಕ್ಚರ್ ಇರಬಹುದು. ಮೊದಲ ಎರಡು ಮೂರು ವಾರ ಇದು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ‘ಎಕ್ಸ್‌ರೇ ನಾರ್ಮಲ್ ಬಂತು’ ಎಂದು ಮತ್ತೆ ಓಡಲು ಹೋಗಬೇಡಿ. ನೋವು ಹಾಗೇ ಇದ್ದರೆ ಮೂಳೆ ಡಾಕ್ಟರ್ ಹತ್ತಿರ ಎಂಆರ್‌ಐ ಬೇಕಾ ಎಂದು ಕೇಳಿ.

ತೊಡೆಯಲ್ಲಿ, ಮೀನಖಂಡದಲ್ಲಿ, ಎರಡೂ ಕಾಲಿನಲ್ಲಿ ಸಮನಾಗಿ ಮೈಕೈ ನೋವಿನಂತೆ ಇದ್ದರೆ ಹೆದರಬೇಕಾಗಿಲ್ಲ. ಅಭ್ಯಾಸವಿಲ್ಲದ ಸ್ನಾಯುವಿನ ನೋವು ಅದು. ಓಡಿದ ದಿನಕ್ಕಿಂತ ಎರಡನೇ, ಮೂರನೇ ದಿನ ಜಾಸ್ತಿ. ನಾಲ್ಕೈದು ದಿನದಲ್ಲಿ ಇಳಿಯುತ್ತದೆ. ಗದ್ದೆ ನಾಟಿಯ ಮೊದಲ ದಿನಗಳಲ್ಲಿ ಸೊಂಟ ಹಿಡಿಯುತ್ತದಲ್ಲ, ಅದರದೇ ಜಾತಿ.

ಮಂಡಿಚಿಪ್ಪಿನ ಸುತ್ತ ನೋವಿದ್ದು ಮೆಟ್ಟಿಲು ಇಳಿಯುವಾಗ ಜಾಸ್ತಿಯಾದರೆ ಅದು ಇಳಿಜಾರಿನ ಕೊಡುಗೆ ಇರಬಹುದು. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿದರೆ ಅಂಗಾಲಿನ ನಾರಿನ ತೊಂದರೆ.

ನಮ್ಮ ರಸ್ತೆ ಬೇರೆ, ಲೆಕ್ಕವೂ ಬೇರೆ

ಮೊಬೈಲ್ ಆ್ಯಪ್‌ಗಳಲ್ಲಿ ಸಿಗುವ ಓಟದ ಪ್ಲ್ಯಾನ್‌ಗಳು ಹೆಚ್ಚಿನವು ಸಪಾಟು ನೆಲವನ್ನು ನಂಬಿಕೊಂಡಿವೆ. ಮಡಿಕೇರಿಯಲ್ಲಿ ಸಪಾಟು ರಸ್ತೆ ಹುಡುಕಿದರೂ ಸಿಗುವುದು ಕಷ್ಟ. ಮನೆಯಿಂದ ಹೊರಟರೆ ಒಂದೋ ಏರು, ಇಲ್ಲವೇ ಇಳಿಜಾರು.

ಏರಿನಲ್ಲಿ ಉಸಿರು ಕಟ್ಟುತ್ತದೆ, ನಾವೇ ನಿಧಾನ ಆಗುತ್ತೇವೆ. ಮೀನಖಂಡಕ್ಕೆ ಕೆಲಸ ಜಾಸ್ತಿ ನಿಜ, ಆದರೆ ನೆಲಕ್ಕೆ ಅಪ್ಪಳಿಸುವ ಏಟು ಕಡಿಮೆ. ಇಳಿಜಾರಿನಲ್ಲಿ ಉಸಿರು ಹಗುರ, ಕಾಲು ತಾನಾಗಿ ಓಡುತ್ತದೆ. ‘ಆಹಾ, ಈಗ ಓಟ ಬಂತು’ ಅನಿಸುವುದೇ ಅಲ್ಲಿ. ಕಾಲಿಗೆ ನಿಜವಾದ ಪೆಟ್ಟು ಬೀಳುವುದೂ ಅಲ್ಲೇ. ಸಪಾಟು ನೆಲದಲ್ಲೇ ಪ್ರತಿ ಹೆಜ್ಜೆಗೆ ಮೈಭಾರದ ಎರಡು ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. 60 ಕೆ.ಜಿ. ತೂಕದವರಿಗೆ 120ರಿಂದ 180 ಕೆ.ಜಿ.! ಒಂದು ಕಿಲೋಮೀಟರ್‌ಗೆ ಸಾವಿರಕ್ಕೂ ಹೆಚ್ಚು ಹೆಜ್ಜೆ. ಇಳಿಯುವಾಗ ಈ ಏಟು ಇನ್ನೂ ಹೆಚ್ಚು. ಅದರ ಜೊತೆಗೆ ತೊಡೆಯ ಮುಂದಿನ ಸ್ನಾಯು ಬ್ರೇಕ್‌ನ ಕೆಲಸ ಮಾಡಬೇಕು. ಬಿಗಿ ಹಿಡಿಯುತ್ತಲೇ ಉದ್ದವೂ ಆಗಬೇಕು. ಸ್ನಾಯುವಿನ ಎಳೆಗಳು ಹೆಚ್ಚು ನೋಯುವುದು ಇಂಥ ಕೆಲಸದಲ್ಲೇ.

ಆದ್ದರಿಂದ ಮೊದಲ ಆರು ವಾರ ಹೀಗೆ ಮಾಡಿ: ಏರಿನಲ್ಲಿ ಬೇಕಾದರೆ ಓಡಿ, ಇಳಿಜಾರಿನಲ್ಲಿ ನಡೆಯಿರಿ. ನೋಡಿದವರು ‘ಇದೇನು ಉಲ್ಟಾ’ ಎನ್ನಬಹುದು, ಎನ್ನಲಿ. ಆಮೇಲೆ ಸ್ವಲ್ಪ ಸ್ವಲ್ಪವೇ ಇಳಿದು ಓಡುವುದನ್ನು ಕಲಿಯಿರಿ. ಆಗಲೂ ಹೆಜ್ಜೆ ಚಿಕ್ಕದಿರಲಿ, ಪಾದ ಮೈಯ ಅಡಿಯಲ್ಲೇ ಬೀಳಲಿ. ಹಿಮ್ಮಡಿಯನ್ನು ಮುಂದೆ ಚಾಚಿ ನೆಲಕ್ಕೆ ಒತ್ತಿ ನಿಲ್ಲಿಸುವ ಅಭ್ಯಾಸ ಬೇಡ.

ಕುಶಾಲನಗರದವರಿಗೆ ಈ ಕಷ್ಟ ಕಡಿಮೆ, ಅಲ್ಲಿ ನೆಲ ಸುಮಾರು ಸಪಾಟು. ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯೂ ಗದ್ದೆ ಬಯಲಿನ ರಸ್ತೆಗಳಿವೆ. ಉಳಿದವರು ವಾರಕ್ಕೆ ಎರಡು ದಿನವಾದರೂ ಮೈದಾನಕ್ಕೆ ಹೋಗಿ. ಹಾಕಿ ಆಡುವ ನಾಡು ನಮ್ಮದು, ಶಾಲೆ ಇರುವ ಊರಿನಲ್ಲಿ ಒಂದು ಮೈದಾನ ಸಿಕ್ಕೇ ಸಿಗುತ್ತದೆ. ಸುತ್ತು ಹಾಕುವಾಗ ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ತಿರುಗಿ. ರಸ್ತೆಯಲ್ಲಿ ಓಡುವುದಾದರೆ ಚರಂಡಿ ಕಡೆಗೆ ವಾಲಿರುವ ಅಂಚನ್ನು ಬಿಡಿ. ಆ ವಾಲಿನ ಮೇಲೆ ದಿನಾ ಓಡಿದರೆ ಒಂದು ಕಾಲು ಉದ್ದ, ಒಂದು ಗಿಡ್ಡ ಇದ್ದ ಹಾಗೆ. ಒಂದೇ ಬದಿಯ ಮಂಡಿ ನೋಯುವುದಕ್ಕೆ ಇದೂ ಕಾರಣ ಆಗಬಹುದು.

ಇನ್ನೊಂದು ಮಾತು, ಕಾಲುನೋವಿಗೆ ಸಂಬಂಧ ಇಲ್ಲದಿದ್ದರೂ ಹೇಳಲೇಬೇಕು. ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟದ ರಸ್ತೆಗಳಲ್ಲಿ ಬೆಳಕು ಹರಿಯುವ ಮೊದಲು ಓಡಬೇಡಿ. ಮಂಜಿನಲ್ಲಿ ಕಾಡಾನೆ ಹತ್ತು ಅಡಿ ದೂರದಲ್ಲಿದ್ದರೂ ಕಾಣುವುದಿಲ್ಲ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ.

ಎಂಟು ವಾರ, ವಾರಕ್ಕೆ ಮೂರೇ ದಿನ

ದಿನಾ ಓಡಿದರೆ ಬೇಗ ಕಲಿಯಬಹುದು ಅಂತ ಅನಿಸುತ್ತದೆ. ಆದರೆ ಮೂಳೆ, ಸ್ನಾಯು ಗಟ್ಟಿಯಾಗುವುದು ಓಡಿದ ದಿನವಲ್ಲ, ಬಿಡುವಿನ ದಿನ. ಸೋಮವಾರ, ಗುರುವಾರ, ಶನಿವಾರ ಎಂದು ಇಟ್ಟುಕೊಳ್ಳಿ. ನಡುವೆ ಒಂದಾದರೂ ದಿನ ಖಾಲಿ ಇರಲಿ.

ಮೊದಲ ಎರಡು ವಾರ: ಐದು ನಿಮಿಷ ಜೋರು ನಡಿಗೆ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಆರು ಸಲ. ಕೊನೆಗೆ ಮತ್ತೆ ಐದು ನಿಮಿಷ ನಡಿಗೆ. ಅಷ್ಟೇ. ‘ಇಷ್ಟೇನಾ?’ ಅನಿಸಿದರೆ ಸರಿಯಾಗಿಯೇ ಮಾಡುತ್ತಿದ್ದೀರಿ ಎಂದು ಅರ್ಥ.

ಮೂರನೇ ವಾರದಿಂದ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ನಾಲ್ಕನೇ ವಾರ ಏನನ್ನೂ ಹೆಚ್ಚಿಸಬೇಡಿ, ಬೇಕಾದರೆ ಒಂದು ದಿನ ಕಡಿಮೆ ಮಾಡಿ. ಐದು, ಆರನೇ ವಾರ ಮೂರು ನಿಮಿಷ ಓಟಕ್ಕೆ ಒಂದು ನಿಮಿಷ ನಡಿಗೆ. ಎಂಟನೇ ವಾರಕ್ಕೆ ಐದು ನಿಮಿಷ ಓಡಿ ಒಂದು ನಿಮಿಷ ನಡೆಯುವ ಮಟ್ಟಕ್ಕೆ ಬಂದರೆ ಸಾಕು. ಒಂದು ವಾರದ ಓಟ ಕಷ್ಟವಾದರೆ ಅದನ್ನೇ ಮರುವಾರ ಮಾಡಿ.

ವೇಗಕ್ಕೆ ವಾಚ್ ಬೇಡ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದೆಯಾ? ಸರಿಯಾದ ವೇಗ. ಒಂದೊಂದೇ ಪದ ಬರುತ್ತಿದೆಯಾ? ಜಾಸ್ತಿಯಾಯಿತು. ಹೆಜ್ಜೆಯನ್ನೂ ಒಮ್ಮೆ ಎಣಿಸಿ ನೋಡಿ. ಅರ್ಧ ನಿಮಿಷ ಬಲಗಾಲು ಎಷ್ಟು ಸಲ ನೆಲ ಮುಟ್ಟಿತು ಎಂದು ಎಣಿಸಿ, ನಾಲ್ಕರಿಂದ ಗುಣಿಸಿ. ಬಂದ ಸಂಖ್ಯೆ 150 ಎಂದುಕೊಳ್ಳಿ. ಅದೇ ವೇಗದಲ್ಲಿ ಹೆಜ್ಜೆ ಸ್ವಲ್ಪ ಚಿಕ್ಕದು ಮಾಡಿ 158, 160ಕ್ಕೆ ತಂದರೆ ಮಂಡಿಯ ಮೇಲಿನ ಭಾರ ಚೆನ್ನಾಗಿ ಇಳಿಯುತ್ತದೆ. ಖರ್ಚಿಲ್ಲದ ಮದ್ದು ಇದು.

ಸೇನಾ ಭರ್ತಿಗೆ ತಯಾರಾಗುವ ಹುಡುಗರಿಗೆ ಇದನ್ನು ಒತ್ತಿ ಹೇಳಬೇಕು. ಕಾರ್ಯಪ್ಪ, ತಿಮ್ಮಯ್ಯ ಅವರ ನಾಡಿನಲ್ಲಿ ಆ ಆಸೆ ಸಹಜ. ಆದರೆ ರ‍್ಯಾಲಿಗೆ ಒಂದು ತಿಂಗಳಿರುವಾಗ ಎದ್ದು, ಭರ್ತಿ ಪರೀಕ್ಷೆಯ 1.6 ಕಿ.ಮೀ. ಓಟವನ್ನು ದಿನಾ ಟಾರ್ ರಸ್ತೆಯಲ್ಲಿ ಪೂರ್ತಿ ವೇಗದಲ್ಲಿ ಓಡುತ್ತಾರೆ. ಮುಂಗಾಲು ನೋಯುವುದು, ಮೂಳೆ ಬಿರುಕು ಬಿಡುವುದು ಸೇನೆಗೆ ಹೊಸದಾಗಿ ಸೇರಿದವರಲ್ಲೇ ಸಾಮಾನ್ಯ, ಇನ್ನು ತಯಾರಿಯೇ ಇಲ್ಲದವರ ಪಾಡೇನು? ದಯವಿಟ್ಟು ಆರು ತಿಂಗಳು ಮುಂಚೆ ಶುರು ಮಾಡಿ. ವೇಗದ ಓಟ ವಾರಕ್ಕೆ ಒಂದೇ ದಿನ ಸಾಕು. ಕೆಸರುಗದ್ದೆ ಓಟಕ್ಕೆ ಇಳಿಯುವವರಿಗೂ ಇದೇ ಮಾತು. ಕೆಸರಿನಿಂದ ಕಾಲು ಕೀಳುವಾಗ ಮೀನಖಂಡಕ್ಕೆ ಬೀಳುವ ಎಳೆತ ಸಣ್ಣದಲ್ಲ. ವರ್ಷಕ್ಕೊಮ್ಮೆ ಓಡುವವರು ಅದಕ್ಕೆ ಕೆಲವು ವಾರ ಮುಂಚೆಯಾದರೂ ಕಾಲನ್ನು ತಯಾರು ಮಾಡಿಕೊಳ್ಳಬೇಕು.

ಮೆಟ್ಟಿಲ ಅಂಚಿನ ವ್ಯಾಯಾಮ

ಒಂದೇ ವ್ಯಾಯಾಮ ಹೇಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಮನೆಯ ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಇಟ್ಟು ನಿಲ್ಲಿ. ಕೈಗೆ ಗೋಡೆಯ ಆಸರೆ ಇರಲಿ. ಎರಡೂ ಹಿಮ್ಮಡಿ ಮೇಲೆತ್ತಿ, ಮೂರು ಎಣಿಸುತ್ತಾ ನಿಧಾನ ಇಳಿಸಿ. ಮಂಡಿ ನೇರ ಇಟ್ಟು 12 ಸಲ, ಮಂಡಿ ಸ್ವಲ್ಪ ಬಗ್ಗಿಸಿ 12 ಸಲ. ಬಗ್ಗಿಸಿ ಮಾಡುವುದನ್ನು ಬಿಡಬೇಡಿ, ಮೀನಖಂಡದ ಒಳಪದರದ ಸ್ನಾಯುವಿಗೆ ಕೆಲಸ ಸಿಗುವುದು ಆಗಲೇ. ಓಟದಲ್ಲಿ ದೊಡ್ಡ ಭಾರ ಹೊರುವುದು ಆ ಸ್ನಾಯು. ವಾರಕ್ಕೆ ಮೂರು ದಿನ ಮಾಡಿ. ತಿಂಗಳ ನಂತರ ಒಂದೊಂದೇ ಕಾಲಿನಲ್ಲಿ ಮಾಡಿ. ಜೊತೆಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು 10 ಸಲ ಸೇರಿಸಿದರೆ ತೊಡೆಗೂ ಬಲ ಬರುತ್ತದೆ.

ಶೂ ವಿಷಯ ಬೇಗ ಮುಗಿಸುತ್ತೇನೆ. ದುಬಾರಿಯದೇ ಬೇಕಿಲ್ಲ, ಹಾಕಿದ ಕೂಡಲೇ ಹಿತವಾಗಿರಬೇಕು. ಸಂಜೆ ಹೊತ್ತು ಕೊಳ್ಳಿ, ಪಾದ ಆಗ ಸ್ವಲ್ಪ ಊದಿರುತ್ತದೆ. ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಲಿ. ಒಂದು ಜೊತೆ ಸುಮಾರು 500ರಿಂದ 800 ಕಿ.ಮೀ. ಬಾಳಿಕೆ ಬರುತ್ತದೆ. ನಮ್ಮ ಮಳೆಯಲ್ಲಿ ನೆನೆದ ಶೂವನ್ನು ಒಲೆಯ ಮುಂದೆ ಇಡಬೇಡಿ, ಅಂಟು ಬಿಡುತ್ತದೆ. ಒಳಗೆ ಹಳೇ ಪೇಪರ್ ತುರುಕಿ, ಎರಡು ಮೂರು ಸಲ ಬದಲಿಸಿ.

ನೋವು ಬಂದೇ ಬಿಟ್ಟರೆ

ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಎರಡು ಮೂರರೊಳಗೆ ಇದ್ದು, ಮರುದಿನ ಬೆಳಿಗ್ಗೆಗೆ ಹೋದರೆ ಮುಂದುವರಿಸಬಹುದು. ನಾಲ್ಕು ದಾಟಿದರೆ ಅಲ್ಲೇ ನಿಲ್ಲಿಸಿ, ನಡೆದು ಮನೆಗೆ ಬನ್ನಿ. ಕುಂಟುತ್ತಾ ಓಡಬಾರದು. ಕುಂಟಿದರೆ ಇನ್ನೊಂದು ಕಾಲೂ ಹಾಳು.

ಶಿನ್ ಸ್ಪ್ಲಿಂಟ್ಸ್ ಆದರೆ ಎರಡು ವಾರವಾದರೂ ಓಟ ಬಿಡಿ. ಕೆಲವರಿಗೆ ಆರು ವಾರ ಬೇಕಾಗುತ್ತದೆ. ಸೈಕಲ್, ನೋವಿಲ್ಲದ ನಡಿಗೆ ಮಾಡಬಹುದು. ಐಸ್ ತುಂಡನ್ನು ಬಟ್ಟೆಯಲ್ಲಿ ಸುತ್ತಿ 10-15 ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ನೋವಿನ ಮಾತ್ರೆ ನುಂಗಿ ಓಡಲು ಹೋಗಬೇಡಿ. ಮಾತ್ರೆ ನೋವನ್ನು ಮುಚ್ಚುತ್ತದೆ, ಏಟನ್ನು ತಡೆಯುವುದಿಲ್ಲ. ಬೆವರಿ ನೀರು ಕಡಿಮೆಯಾದ ಮೈಯಲ್ಲಿ ಕೆಲವು ಮಾತ್ರೆಗಳು ಕಿಡ್ನಿಗೂ ಭಾರ. ಎಣ್ಣೆ ಹಚ್ಚಿ ಹಗುರವಾಗಿ ತಿಕ್ಕಿದರೆ ಸ್ನಾಯುವಿಗೆ ಹಿತ, ಆದರೆ ನೋಯುವ ಮೂಳೆಯನ್ನು ಒತ್ತಿ ಉಜ್ಜಬೇಡಿ. ಮತ್ತೆ ಶುರು ಮಾಡುವಾಗ ನಿಂತ ಜಾಗದಿಂದಲ್ಲ, ಎರಡು ವಾರ ಹಿಂದಿನ ಹಂತದಿಂದ.

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಕೆಂಪಗಾದರೆ ಅದೇ ದಿನ ಡಾಕ್ಟರ್ ನೋಡಲಿ, ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರಾಟದ ತೊಂದರೆ ಇದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಓಡಿದಾಗಲೆಲ್ಲ ಅಷ್ಟೇ ಹೊತ್ತಿಗೆ ಕಾಲು ಬಿಗಿದು ಪಾದ ಜೋಮು ಹಿಡಿಯುತ್ತಿದ್ದರೂ ತೋರಿಸಿ. ಎರಡು ವಾರ ಬಿಟ್ಟರೂ ಇಳಿಯದ ನೋವಿಗೂ ಡಾಕ್ಟರೇ ಬೇಕು.

ಹೋಗುವಾಗ ಎಷ್ಟು ದಿನ, ಎಷ್ಟು ದೂರ, ಯಾವ ರಸ್ತೆಯಲ್ಲಿ ಓಡಿದಿರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಓಡುವ ಶೂ ಕೂಡ ಚೀಲಕ್ಕೆ ಹಾಕಿಕೊಳ್ಳಿ. ಅಡಿಭಾಗ ಒಂದೇ ಬದಿ ಸವೆದಿದ್ದರೆ ಅದೂ ಅವರ ಕಣ್ಣಿಗೆ ಬೀಳಲಿ.