ದಾವಣಗೆರೆಯಲ್ಲಿ ನಾನು ಟ್ಯೂಬ್ ಆ್ಯಂಪ್ ಮಾರಿದ್ದು ಹೀಗೆ

ಮಗಳು ಗೋಡೆ ಹಿಡಿದು ನಡೆಯಲು ಶುರು ಮಾಡಿದ ವಾರವೇ ನನ್ನ ಟ್ಯೂಬ್ ಆ್ಯಂಪ್, ಅಂದರೆ ಹಳೇ ರೇಡಿಯೊದಲ್ಲಿದ್ದಂಥ ಗಾಜಿನ ವಾಲ್ವ್ (ಟ್ಯೂಬ್) ಉರಿಸಿ ಹಾಡಿನ ಸದ್ದು ಹಿಗ್ಗಿಸುವ ಯಂತ್ರ, ಮಾರಿಬಿಡಬೇಕು ಅಂತ ತೀರ್ಮಾನ ಮಾಡಿದೆ. ಮನೆಯಲ್ಲಿ ಯಾರೂ ಹೇಳಿರಲಿಲ್ಲ, ನನಗೇ ಅನ್ನಿಸಿತು. ನಿಟ್ಟುವಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಇರೋದೇ ಎರಡು ಕೋಣೆ. ಆ್ಯಂಪ್ ಇದ್ದದ್ದು ಮಂಚದ ಪಕ್ಕದ ಗಿಡ್ಡ ಮೇಜಿನ ಮೇಲೆ, ಮಗುವಿನ ಕೈಗೆ ಸರಿಯಾಗಿ ಸಿಗುವ ಎತ್ತರ. ಉರಿಯುತ್ತಿರುವಾಗ ಅದರ ದೊಡ್ಡ ವಾಲ್ವಿನ ಗಾಜು ಮುಟ್ಟಿದರೆ ಬೊಬ್ಬೆ ಏಳುತ್ತದೆ. ಬೀರುವಿನೊಳಗೆ ಇಡೋಣ ಅಂದರೆ ಅದಕ್ಕೆ ಸುತ್ತಲೂ ಗಾಳಿ ಬೇಕು. ಎರಡು ದಿನ ಯೋಚನೆ ಮಾಡಿದೆ, ಮೂರನೇ ದಿನ ಧೂಳು ಒರೆಸಲು ಕೂತೆ.

ಆ್ಯಂಪ್ ಎಂಥದ್ದು ಅಂತ ಮೊದಲು ಹೇಳಬೇಕು, ಮಾರಾಟದ ಅರ್ಧ ಕಥೆ ಅದರಲ್ಲೇ ಇದೆ. ಹೆಡ್‌ಫೋನ್‌ಗೆಂದೇ ಮಾಡಿದ ಓಟಿಎಲ್ ಜಾತಿಯ ಆ್ಯಂಪ್ ಅದು. ಅಂದರೆ ವಾಲ್ವಿಗೂ ಹೆಡ್‌ಫೋನಿಗೂ ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಮುಂದೆ 6ಎಸ್‌ಎನ್7 ಅನ್ನುವ ಒಂದು ವಾಲ್ವ್, ಹಿಂದೆ 6080 ಅನ್ನುವ ಇನ್ನೊಂದು. ಈ 6080 ಮೂಲತಃ ಪವರ್ ಸಪ್ಲೈಗಳಲ್ಲಿ ವೋಲ್ಟೇಜ್ ಹಿಡಿದಿಡುವ ಕೆಲಸಕ್ಕೆ ಬಂದ ವಾಲ್ವ್. ಅದರ ಫಿಲಮೆಂಟ್, ಅಂದರೆ ಒಳಗೆ ಕಾದು ಉರಿಯುವ ತಂತಿ, ಒಂದೇ 6.3 ವೋಲ್ಟ್‌ನಲ್ಲಿ 2.5 ಆ್ಯಂಪಿಯರ್ ಎಳೆಯುತ್ತದೆ. ಎರಡೂ ವಾಲ್ವಿನ ಫಿಲಮೆಂಟ್ ಸೇರಿಸಿದರೆ 20 ವ್ಯಾಟ್ ಹತ್ತಿರ ಬರೀ ಬಿಸಿ. ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯ ಮನೆಯೊಳಗೆ ಆ ಬಿಸಿ ಏನು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ನಾನು ಕೇಳುತ್ತಿದ್ದದ್ದು ಸೆನ್‌ಹೈಸರ್ ಎಚ್‌ಡಿ 600ರಲ್ಲಿ. 1997ರಲ್ಲಿ, ದಾವಣಗೆರೆ ಜಿಲ್ಲೆಯಾದ ವರ್ಷವೇ, ಬಂದ ಹೆಡ್‌ಫೋನ್; ಅದರ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, 300 ಓಮ್. ರಾತ್ರಿ ಎಲ್ಲರೂ ಮಲಗಿದ ಮೇಲೆ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣ ಹಾಕಿಕೊಂಡರೆ, ಅವರು ಉಸಿರು ತೆಗೆದುಕೊಳ್ಳುವ ಜಾಗವೂ ಕಿವಿಗೆ ಬೀಳುತ್ತಿತ್ತು. ತಬಲಾದ ಎಡಗೈ ಸ್ವಲ್ಪ ತುಂಬಿಕೊಂಡು ಬರುತ್ತಿತ್ತು. ಅದಕ್ಕೆ ಲೆಕ್ಕವೂ ಇದೆ. ನನ್ನ ಆ್ಯಂಪಿನ ಔಟ್‌ಪುಟ್ ಇಂಪೀಡೆನ್ಸ್ ಸುಮಾರು 100 ಓಮ್. ಈ ಹೆಡ್‌ಫೋನಿನ ಇಂಪೀಡೆನ್ಸ್ 100 ಹರ್ಟ್ಸ್ ಆಸುಪಾಸಿನ ತಗ್ಗು ಸ್ವರಗಳಲ್ಲಿ 500 ಓಮ್‌ವರೆಗೆ ಏರುತ್ತದೆ. ಹಾಗಾಗಿ ಆ ಜಾಗದಲ್ಲಿ ಹೆಡ್‌ಫೋನಿಗೆ ಉಳಿದ ಕಡೆಗಿಂತ ಹೆಚ್ಚು ಪಾಲು ವೋಲ್ಟೇಜ್ ಸಿಗುತ್ತದೆ, ಸರಿಸುಮಾರು ಒಂದು ಡೆಸಿಬೆಲ್. ಟ್ಯೂಬಿನ ಸೊಗಸು ಅಂತ ನಾವು ಹೇಳುವುದರಲ್ಲಿ ಇದೂ ಒಂದು ಭಾಗ. ಕೊಳ್ಳುವವರಿಗೆ ಇದನ್ನು ಮುಚ್ಚಿಡದೆ ಹೇಳಬೇಕು ಅನ್ನೋದು ನನ್ನ ಪಕ್ಕಾ ಅಭಿಪ್ರಾಯ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಫೋಟೊ ತೆಗೆಯುವ ಮೊದಲೇ ಆ್ಯಂಪ್ ಎತ್ತಿಕೊಂಡು ಮಂಡಿಪೇಟೆ ಕಡೆ ಇರುವ ಹಳೇ ರೇಡಿಯೊ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಕೆಲವು ತಿಂಗಳಿಂದ ಎಡಗಡೆ ಕಿವಿಯಲ್ಲಿ ಆಗಾಗ ಚರಚರ ಸದ್ದು ಬರುತ್ತಿತ್ತು. ವಾಲ್ಯೂಮ್ ತಿರುಗಿಸುವಾಗಲೂ ಕರಕರ. ನಾನು ಹೇಗೋ ಹೊಂದಿಕೊಂಡಿದ್ದೆ, ಕೊಳ್ಳುವವರು ಯಾಕೆ ಹೊಂದಿಕೊಳ್ಳಬೇಕು?

ಯಜಮಾನರಿಗೆ ಎಪ್ಪತ್ತು ದಾಟಿದೆ. ಭದ್ರಾವತಿ ಆಕಾಶವಾಣಿ ಕೇಳಲು ಜನ ವಾಲ್ವ್ ಸೆಟ್ಟು ರಿಪೇರಿಗೆ ತರುತ್ತಿದ್ದ ಕಾಲದವರು. ಮುಚ್ಚಳ ಬಿಚ್ಚುತ್ತಲೇ ಕೇಳಿದರು, "ಏನ್ ತಮ್ಮಾ, ಈಗಿನ ಕಾಲದಾಗೆ ವಾಲ್ವ್ ಇಟ್ಕಂಡು ಕುಂತೀಯಲ್ಲ, ಎಲ್ಲಿ ಸಿಕ್ತು?" ಮಾರಲಿಕ್ಕೆ ತಂದೆ ಅಂದಾಗ ಅವರ ಮುಖ ಸ್ವಲ್ಪ ಸಪ್ಪಗಾಯಿತು.

ಅವರು ತಪ್ಪು ಹುಡುಕಿದ ಕ್ರಮ ನನಗೆ ಪಾಠವಾಯಿತು. ಮೊದಲು ಇನ್‌ಪುಟ್ ಕೇಬಲ್ ಎಡ ಬಲ ಅದಲುಬದಲು ಮಾಡಿಸಿದರು. ಸದ್ದು ಎಡಕ್ಕೇ ಉಳಿಯಿತು, ಅಂದರೆ ತಪ್ಪು ಮೊಬೈಲಿನದೂ ಅಲ್ಲ, ಕೇಬಲಿನದೂ ಅಲ್ಲ. ಆಮೇಲೆ ಹೆಡ್‌ಫೋನ್ ತಿರುಗಿಸಿ ಹಾಕಿಕೊಳ್ಳಲು ಹೇಳಿದರು. ಈಗ ಸದ್ದು ಬಲಗಿವಿಗೆ ಬಂತು, ಹೆಡ್‌ಫೋನಿನ ಜೊತೆಗೇ ತಿರುಗಿತು, ಅಂದರೆ ತಪ್ಪು ನನ್ನ ಕಿವಿಯದಲ್ಲ. "ಎಡದ ಪ್ಲಗ್ಗೋ ಸಾಕೆಟ್ಟೋ ನೋಡಾಣ" ಅಂತ ಬೇರೆ ಹೆಡ್‌ಫೋನ್ ಕೊಟ್ಟರು. ಅದರಲ್ಲೂ ಎಡದಲ್ಲೇ ಚರಚರ. ಹಾಗಾದರೆ ಆ್ಯಂಪಿನೊಳಗೇ. ಒಂದು 6ಎಸ್‌ಎನ್7ರೊಳಗೆ ಎರಡು ಟ್ರಯೋಡ್, ಅಂದರೆ ಸದ್ದು ಹಿಗ್ಗಿಸುವ ಭಾಗ, ಇರುತ್ತವೆ, ಎಡಕ್ಕೊಂದು ಬಲಕ್ಕೊಂದು. ಹೀಗಾಗಿ ವಾಲ್ವನ್ನು ಆ ಕಡೆಯದು ಈ ಕಡೆಗೆ ಹಾಕಿ ನೋಡಲು ಬರುವುದಿಲ್ಲ. ನನ್ನ ಹತ್ತಿರ ಸ್ಪೇರ್ ಇತ್ತು, ಹಾಕಿದೆವು. ಆಗಲೂ ಅದೇ ಸದ್ದು. ಅವರು ತಲೆಯಾಡಿಸಿ, "ವಾಲ್ವ್ ಚೆನ್ನಾಗೈತೆ, ಅದು ಕೂರೋ ಸಾಕೆಟ್ ಸಡ್ಲಾಗೈತೆ" ಅಂದರು.

ಒಳಗೆ ಕೈ ಹಾಕುವ ಮೊದಲು ಅವರು ಮಾಡಿದ ಕೆಲಸವನ್ನು ಇಲ್ಲಿ ಒತ್ತಿ ಬರೆಯುತ್ತೇನೆ. ಪ್ಲಗ್ ಕಿತ್ತು ಪಕ್ಕಕ್ಕಿಟ್ಟು, ದೊಡ್ಡ ಕೆಪಾಸಿಟರ್‌ಗಳಲ್ಲಿ ಉಳಿದ ಕರೆಂಟನ್ನು ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಮುಂದುವರಿದರು. ಇಂಥ ಆ್ಯಂಪಿನೊಳಗೆ ನೂರಕ್ಕಿಂತ ಹೆಚ್ಚು ವೋಲ್ಟ್ ಡಿಸಿ ಓಡುತ್ತದೆ, ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಗೊತ್ತಿಲ್ಲದವರು ಮುಚ್ಚಳ ತೆಗೆಯಲೇಬಾರದು, ನಾನೂ ತೆಗೆಯುವುದಿಲ್ಲ.

ಸೂಜಿಯಿಂದ ಸಾಕೆಟ್ಟಿನ ಒಳಗಿನ ಒಂದೊಂದೇ ತಗಡಿನ ಹಿಡಿಕೆಯನ್ನು ಬಿಗಿ ಮಾಡಿದರು. ವಾಲ್ವಿನ ಕಾಲುಗಳನ್ನು ಒರೆಸಿದರು. ವಾಲ್ಯೂಮಿನೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು, "ತಿರುಗಿಸ್ತಾ ಇರು" ಅಂತ ನನ್ನ ಕೈಗೆ ಕೊಟ್ಟರು. ಚರಚರ ಹೋಯಿತು, ಕರಕರವೂ ಹೋಯಿತು. ಆಮೇಲೆ ಉರಿಸಿ, 7 ಮತ್ತು 8ನೇ ಪಿನ್ನಿನ ನಡುವೆ ಫಿಲಮೆಂಟ್ ವೋಲ್ಟೇಜ್ ಅಳೆದರು: 6.6. ಗೋಡೆಯ ಸಾಕೆಟ್ಟಿನಲ್ಲಿ ಆ ಹೊತ್ತಿಗೆ 241 ಇತ್ತು. 6.3ಕ್ಕೆ ಶೇಕಡ ಹತ್ತು ಆಚೀಚೆ ನಡೆಯುತ್ತದೆ, ಹಾಗಾಗಿ ಚಿಂತೆ ಇಲ್ಲ. ಎರಡೂ ವಾಲ್ವಿನ ಬೆಳ್ಳಿ ಕಲೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಗಾಜಿನ ಒಳಮೈಗೆ ಕನ್ನಡಿಯಂತೆ ಹೊಳೆಯುವ ಆ ಲೇಪ ಬೆಳ್ಳಗೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ಗಾಳಿ ಹೊಕ್ಕಿದೆ ಅಂತ ಅರ್ಥ, ಆ ವಾಲ್ವ್ ಮುಗಿಯಿತು. ನನ್ನವೆರಡೂ ಹೊಳೆಯುತ್ತಿದ್ದವು. ಫೋಟೊ ಹಾಕುವಾಗ ಆ ಕಲೆ ಕಾಣುವ ಹಾಗೆ ಒಂದು ಚಿತ್ರ ಹಾಕಿದೆ. ಕೇಳಿ ತಿಳಿದವರೆಲ್ಲ ಮೊದಲು ನೋಡಿದ್ದು ಅದನ್ನೇ.

ಇನ್ನೊಂದು ಕುಂದನ್ನು ರಿಪೇರಿ ಮಾಡಲು ಬರುವ ಹಾಗಿರಲಿಲ್ಲ. ನಾನು ಈ ಆ್ಯಂಪನ್ನು ಸೆಕೆಂಡ್ ಹ್ಯಾಂಡ್ ತಗೊಂಡಾಗ ಮಾರಿದವರು ವಾಲ್ವ್ ಬಿಚ್ಚದೆ ಹಾಗೇ ಕೊರಿಯರ್‌ಗೆ ಹಾಕಿದ್ದರು. ಬರುವಷ್ಟರಲ್ಲಿ 6ಎಸ್‌ಎನ್7ರ ಬುಡದ ನಡುವಿನ ಪ್ಲಾಸ್ಟಿಕ್ ಗೂಟ ಮುರಿದಿತ್ತು. ಎಂಟು ಕಾಲೂ ಸಮಾನ ದೂರದಲ್ಲಿರುವ ಈ ವಾಲ್ವಿಗೆ ದಿಕ್ಕು ತೋರಿಸುವುದು ಆ ಗೂಟವೇ. ಅದಿಲ್ಲದಿದ್ದರೆ ತಪ್ಪಾಗಿಯೂ ಕೂರುತ್ತದೆ, ಹಾಗೆ ಕೂರಿಸಿ ಸ್ವಿಚ್ ಹಾಕಿದರೆ ವಾಲ್ವ್ ಹೋಗುತ್ತದೆ, ಆ್ಯಂಪಿಗೂ ಪೆಟ್ಟು ಬೀಳಬಹುದು. ಆಗಲೇ ಹೆಂಡತಿಯ ಬಿಳಿ ನೇಲ್ ಪಾಲಿಶ್‌ನಿಂದ ವಾಲ್ವಿನ ಬುಡಕ್ಕೊಂದು, ಸಾಕೆಟ್ಟಿನ ಅಂಚಿಗೊಂದು ಚುಕ್ಕೆ ಇಟ್ಟಿದ್ದೆ. ಎರಡೂ ಎದುರುಬದುರಾದರೆ ಸರಿ. ಜಾಹೀರಾತಿನ ಮೊದಲ ಸಾಲಿನಲ್ಲೇ ಇದನ್ನು ಬರೆದೆ. ಎರಡನೇ ಸಾಲಿನಲ್ಲಿ ಸಾಕೆಟ್ ಬಿಗಿ ಮಾಡಿಸಿದ್ದು. ಮೂರನೆಯದರಲ್ಲಿ, 250 ಓಮ್‌ಗಿಂತ ಕಡಿಮೆ ಇರುವ ಹೆಡ್‌ಫೋನ್ ಇದ್ದರೆ ದಯವಿಟ್ಟು ಫೋನ್ ಮಾಡಿ ಮಾತಾಡಿ, ಆಮೇಲೆ ತೀರ್ಮಾನ ಮಾಡಿ ಅಂತ. ಹೊಗಳಿಕೆ ಬರೆಯಲಿಲ್ಲ. ನಾನು 24,000ಕ್ಕೆ ತಗೊಂಡದ್ದು, ಸ್ಪೇರ್ 6ಎಸ್‌ಎನ್7 ಸೇರಿಸಿ 18,000 ಅಂತ ಹಾಕಿದೆ.

ಫೋನುಗಳ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ. "ಲಾಸ್ಟ್ ಎಷ್ಟು?" ಅಂದವರು ಹಲವರು. ಹೋಮ್ ಥಿಯೇಟರ್ ಸ್ಪೀಕರ್‌ಗೆ ಆಗುತ್ತಾ ಅಂತ ಕೇಳಿದವರಿಗೆ ಆಗಲ್ಲ ಅಂದೆ. ಒಬ್ಬ, ತಾನು ಮಿಲಿಟರಿಯಲ್ಲಿದ್ದೇನೆ, ನೋಡದೆಯೇ ತಗೊಳ್ತೇನೆ, ಕ್ಯೂಆರ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ದುಡ್ಡು ಬರುತ್ತದೆ ಅಂದ. ಯುಪಿಐಯಲ್ಲಿ ದುಡ್ಡು ಬರಬೇಕಾದರೆ ಪಿನ್ ಹಾಕುವ ಮಾತೇ ಇಲ್ಲ; ಪಿನ್ ಕೇಳಿದರೆ ದುಡ್ಡು ಹೋಗುತ್ತದೆ ಅಂತಲೇ. ನಂಬರ್ ಬ್ಲಾಕ್ ಮಾಡಿದೆ. ಕಳೆದುಕೊಂಡವರಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಬೇಕು.

ಮನಸ್ಸಿಗೆ ಕಷ್ಟವಾದದ್ದು ಬೆಂಗಳೂರಿನ ಒಬ್ಬ ಹುಡುಗನ ಫೋನ್. ಚೌಕಾಸಿ ಇಲ್ಲದೆ ಹದಿನೆಂಟು ಸಾವಿರವನ್ನೂ ಕೊಡಲು ಸಿದ್ಧ. ಅವನ ಹತ್ತಿರ ಇದ್ದದ್ದು 32 ಓಮ್‌ನ ಪ್ಲೇನಾರ್ ಹೆಡ್‌ಫೋನ್, ಅಂದರೆ ಚಪ್ಪಟೆ ತೆಳು ಪೊರೆ ಅದುರಿ ಸದ್ದು ಮಾಡುವಂಥದ್ದು. ಲೆಕ್ಕ ಹೇಳಿದೆ: ಆ್ಯಂಪಿನ 100 ಓಮ್ ಜೊತೆಗೆ ನಿಮ್ಮ 32 ಓಮ್ ಸರಣಿಯಲ್ಲಿ ಕೂತರೆ ವೋಲ್ಟೇಜಿನ ಕಾಲು ಭಾಗ ಮಾತ್ರ ಹೆಡ್‌ಫೋನಿಗೆ ಹೋಗುತ್ತದೆ, ಮುಕ್ಕಾಲು ಆ್ಯಂಪಿನಲ್ಲೇ ಕಳೆದುಹೋಗುತ್ತದೆ. 300 ಓಮ್ ಆದರೆ ಉಲ್ಟಾ, ಮುಕ್ಕಾಲು ಹೆಡ್‌ಫೋನಿಗೆ. ಪ್ಲೇನಾರ್‌ಗೆ ಬೇಕಾದ ಕರೆಂಟನ್ನು ಈ ವಾಲ್ವ್ ಕೊಡಲಾರದು, ಸದ್ದು ಏರಿಸಿದರೆ ಒಡೆಯುತ್ತದೆ. "ಪರವಾಗಿಲ್ಲ ಸರ್, ಕಳಿಸಿಬಿಡಿ, ಟ್ಯೂಬ್ ಕೆಂಪಗೆ ಉರಿಯೋದು ನೋಡಬೇಕು" ಅಂದ. ಆ ಆಸೆ ನನಗೂ ಅರ್ಥವಾಗುತ್ತದೆ, ನಾನೂ ಅದಕ್ಕೇ ಮರುಳಾದವನು. ಆದರೂ ಕಳಿಸಲಿಲ್ಲ. ಅದೇ ದುಡ್ಡಿಗೆ ಒಳ್ಳೆಯ ಟ್ರಾನ್ಸಿಸ್ಟರ್ ಆ್ಯಂಪ್ ತಗೊಳ್ಳಿ, ಈಗಿರುವ ಹೆಡ್‌ಫೋನ್ ಅದರಲ್ಲಿ ಅರಳುತ್ತದೆ ಅಂದೆ. ತಿಂಗಳ ಕೊನೆಯಲ್ಲಿ ಅಷ್ಟು ದುಡ್ಡು ಬಿಟ್ಟದ್ದಕ್ಕೆ ಸಂಕಟವಾಯಿತು ನಿಜ. ಕೇಳಿ ಬೇಸತ್ತು ಅದನ್ನು ಮೂಲೆಗೆ ಹಾಕುತ್ತಾನೆ ಅನ್ನೋದನ್ನು ನೆನೆದರೆ ಇನ್ನೂ ಸಂಕಟವಾಗುತ್ತಿತ್ತು.

ಹದಿನೈದು ದಿನ ಕಳೆದ ಮೇಲೆ ಚಿತ್ರದುರ್ಗದಿಂದ ಒಬ್ಬ ಉಪನ್ಯಾಸಕರು ಫೋನ್ ಮಾಡಿದರು. ಅವರ ಮೊದಲ ಪ್ರಶ್ನೆಯೇ, "ಆ ಗೂಟ ಮುರಿದ ವಾಲ್ವ್ ಜೊತೆ ಸ್ಪೇರ್‌ಗೆ ಗೂಟ ಐತೇನ್ರಿ?" ಇದೆ ಅಂದೆ. ಎರಡನೇ ಪ್ರಶ್ನೆ, "ನಂದು ಬೇಯರ್‌ಡೈನಾಮಿಕ್ ಡಿಟಿ 880, 250 ಓಮ್ ಐತಿ, ನಡೀತದಾ?" ನಡೆಯುತ್ತದೆ, ಆದರೆ ನನ್ನ ಮಾತು ನಂಬಬೇಡಿ, ಅದನ್ನೇ ತಗೊಂಡು ಬರ್ರಿ ಅಂದೆ. ಸಾವಿರ ರೂಪಾಯಿ ಮುಂಗಡ ಹಾಕಿದರು, ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಬಂದರು. ಅರವತ್ತು ಕಿಲೋಮೀಟರ್ ಏನು ದೂರವಲ್ಲ.

ಅವರು ಬರುವ ಇಪ್ಪತ್ತು ನಿಮಿಷ ಮೊದಲೇ ಆ್ಯಂಪ್ ಹಚ್ಚಿಟ್ಟಿದ್ದೆ. ತಣ್ಣಗಿರುವಾಗ ಕೇಳಿಸಿದರೆ ಅದಕ್ಕೆ ಅನ್ಯಾಯ. ಹೆಡ್‌ಫೋನ್ ಮಾತ್ರ ಸಿಕ್ಕಿಸಿರಲಿಲ್ಲ. ಹಚ್ಚಿದ ಮೊದಲ ನಿಮಿಷದಲ್ಲಿ ಔಟ್‌ಪುಟ್ಟಿನಲ್ಲಿ ವೋಲ್ಟೇಜ್ ಏರಿಳಿಯುತ್ತದೆ, ಅದು ನಿಂತ ಮೇಲೆ ಸಿಕ್ಕಿಸುವುದು ಒಳ್ಳೆಯದು. ಹಾಡು ಹಾಕುವ ಮೊದಲು, ಏನೂ ಹಾಕದೆ ಬರೀ ನಿಶ್ಶಬ್ದ ಕೇಳಿ ಅಂದೆ. ವಾಲ್ಯೂಮ್ ಅರ್ಧ ಏರಿಸಿದರೂ ಸದ್ದಿಲ್ಲ. ಪೆನ್ಸಿಲಿನ ಹಿಂಬದಿಯಿಂದ 6ಎಸ್‌ಎನ್7ನ್ನು ಮೆಲ್ಲಗೆ ತಟ್ಟಿ ತೋರಿಸಿದೆ, ಟಿಣ್ ಅಂತ ಬಂದು ತಕ್ಷಣ ಅಡಗಿತು. ಅದು ಎಳೆದುಕೊಂಡು ಹೋಗುತ್ತಿದ್ದರೆ ವಾಲ್ವ್ ಬದಲಿಸಬೇಕು. ಆಮೇಲೆ ಅವರ ಮೊಬೈಲಿನಿಂದ ಅವರದೇ ಹಾಡು. ನಾನು ಅಡುಗೆಮನೆಗೆ ಹೋಗಿ ಕೂತೆ. ಪಕ್ಕದಲ್ಲಿ ಕೂತು "ಕೇಳಿದ್ರಾ, ಹೆಂಗೈತೆ" ಅಂತ ಕೆದಕಿದರೆ ಯಾರೂ ನೆಮ್ಮದಿಯಿಂದ ಕೇಳಲಾರರು. ಮುಕ್ಕಾಲು ಗಂಟೆ ಬಿಟ್ಟು ಟೀ ಹಿಡಿದು ಹೋದಾಗ ಕಣ್ಣು ಮುಚ್ಚಿಕೊಂಡಿದ್ದರು. ಗಂಗೂಬಾಯಿ ಹಾನಗಲ್ಲರ ದನಿ ಹೊರಗೆ ಸಣ್ಣಗೆ ಸೋರುತ್ತಿತ್ತು. ಟೀ ಆರಿತು, ನಾನು ಎಬ್ಬಿಸಲಿಲ್ಲ.

ಐನೂರು ಕಡಿಮೆ ಮಾಡಿ ಅಂದರು, ಮಾಡಿದೆ. ಬಿಳಿ ಹಾಳೆಯಲ್ಲಿ ಆ್ಯಂಪಿನ ಸೀರಿಯಲ್ ನಂಬರ್, ದಿನಾಂಕ, ಹೇಳಿದ ಕುಂದುಗಳು, ಹದಿನೈದು ದಿನದೊಳಗೆ ಬೇಡವಾದರೆ ವಾಪಸ್ ತಗೊಳ್ಳುತ್ತೇನೆ ಅನ್ನುವ ಮಾತು ಬರೆದು ಇಬ್ಬರೂ ಸಹಿ ಮಾಡಿದೆವು. ಉಳಿದ ದುಡ್ಡು ಯುಪಿಐಯಲ್ಲಿ ಬಂತು, ಬ್ಯಾಂಕಿನ ಮೆಸೇಜ್ ನೋಡಿದೆ.

ವಾಲ್ವ್ ಆರಲು ಅರ್ಧ ಗಂಟೆ ಬಿಟ್ಟು ಪ್ಯಾಕ್ ಮಾಡಿದೆವು. ಬಿಸಿ ವಾಲ್ವನ್ನು ಬಟ್ಟೆ ಸುತ್ತಿ ಕೀಳಬಾರದು. ಗಾಜು ಹಿಡಿದು ಕೀಳದೆ ಬುಡ ಹಿಡಿದು ನೇರ ಮೇಲಕ್ಕೆ ಎತ್ತಬೇಕು. ಒಂದೊಂದನ್ನೂ ಹಳೇ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತಿ, ಬೇರೆ ಬೇರೆ ಸ್ಟೀಲ್ ಡಬ್ಬಿಯಲ್ಲಿಟ್ಟು, ಅಲ್ಲಾಡದಂತೆ ಹತ್ತಿ ತುಂಬಿದೆ. ಡಬ್ಬಿಗಳು ಅವರ ಕೈಚೀಲಕ್ಕೆ, ಆ್ಯಂಪ್ ಥರ್ಮೋಕೋಲ್ ಇಟ್ಟ ರಟ್ಟಿನ ಪೆಟ್ಟಿಗೆಗೆ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮೇಲಿನ ಕ್ಯಾರಿಯರ್‌ಗೆ ಹಾಕದೆ ತೊಡೆಯ ಮೇಲೇ ಇಟ್ಟುಕೊಂಡು ಹೋದರಂತೆ.

ಎಂಟು ದಿನ ಬಿಟ್ಟು ಫೋನ್ ಬಂತು, "ಗುಂಯ್ ಅಂತೈತ್ರಿ." ಎದೆ ಧಸಕ್ಕೆಂದಿತು. ಹಾಡು ಯಾವುದರಿಂದ ಹಾಕುತ್ತಿದ್ದೀರಿ ಅಂದೆ. ಲ್ಯಾಪ್‌ಟಾಪ್ ಅಂದರು. ಚಾರ್ಜರ್ ಕಿತ್ತು ನೋಡ್ರಿ ಅಂದೆ. ಕಿತ್ತರು, ಗುಂಯ್ ನಿಂತಿತು. ಮೊಬೈಲ್ ಹಾಕಿದರೂ ಸದ್ದಿಲ್ಲ. ಆ್ಯಂಪಿಗೂ ಲ್ಯಾಪ್‌ಟಾಪಿಗೂ ಅರ್ಥ್ ದಾರಿ ಬೇರೆ ಬೇರೆಯಾಗಿ ಸುತ್ತು ಬಿದ್ದಿತ್ತು. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಎರಡನ್ನೂ ಹಾಕಿಸಿದೆ, ಮನೆಯ ಅರ್ಥಿಂಗನ್ನೂ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಲು ಹೇಳಿದೆ. ನೋಡಿಸಿದರು, ಸಡಿಲವಾಗಿದ್ದ ವೈರ್ ಬಿಗಿ ಮಾಡಿಸಿದರು.

ಗಿಡ್ಡ ಮೇಜಿನ ಖಾನೆ ಮೊನ್ನೆ ಖಾಲಿ ಮಾಡುವಾಗ ನಾನು ಮರೆತೇಬಿಟ್ಟಿದ್ದ ಇನ್ನೊಂದು ಹಳೇ 6ಎಸ್‌ಎನ್7 ಸಿಕ್ಕಿತು, ಗೂಟ ಸರಿಯಿರುವಂಥದ್ದು. ಚಿತ್ರದುರ್ಗಕ್ಕೆ ಹೋಗುವ ಪರಿಚಯದವರ ಕೈಯಲ್ಲಿ ಹತ್ತಿ ಸುತ್ತಿ ಕೊಟ್ಟು ಕಳಿಸಿದೆ. ದುಡ್ಡು ಹೇಳಿ ಅಂದರು. ಬೇಡ ಸರ, ಬಿಳಿ ಚುಕ್ಕೆಯ ವಾಲ್ವ್ ಕೈಕೊಟ್ಟ ದಿನ ಇದನ್ನು ಹಾಕ್ರಿ ಅಂದೆ.