ಅಮೆರಿಕದಲ್ಲಿ ಕಾರು ಇನ್ಶೂರೆನ್ಸ್: ಆ ಮೂರು ಅಂಕಿಗಳನ್ನು ಓದುವುದು ಹೇಗೆ?

ನಮ್ಮೂರಲ್ಲಿ ಕಾರಿನ ಇನ್ಶೂರೆನ್ಸ್ ರಿನ್ಯೂ ಮಾಡಿಸುವಾಗ ಎಲ್ಲರೂ ನೋಡುವುದು ಐಡಿವಿ (ಕಾರಿಗೆ ಕಟ್ಟಿದ ವಿಮಾ ಮೌಲ್ಯ) ಮತ್ತು ನೋ ಕ್ಲೇಮ್ ಬೋನಸ್. ಥರ್ಡ್ ಪಾರ್ಟಿ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಡಿಸಿಕೊಳ್ಳುವ ಅಗತ್ಯವೂ ಇಲ್ಲ. ಅಪಘಾತದಲ್ಲಿ ಎದುರಿನವರಿಗೆ ಗಾಯವಾದರೆ ಅಥವಾ ಸಾವಾದರೆ ಕಂಪನಿ ಕಟ್ಟುವ ಪರಿಹಾರಕ್ಕೆ ಇಷ್ಟೇ ಎಂಬ ಮಿತಿ ಇಲ್ಲ. ಆಸ್ತಿ ಹಾನಿಗೆ ಮಾತ್ರ ಏಳೂವರೆ ಲಕ್ಷ ರೂಪಾಯಿಯ ಗೆರೆ ಇದೆ.

ಇದೇ ಅಭ್ಯಾಸ ಇಟ್ಟುಕೊಂಡು ಅಮೆರಿಕಕ್ಕೆ ಹೋದವರು ಎಡವುವುದು ಇಲ್ಲೇ. ಅಲ್ಲಿ ಎದುರಿನವರ ಪರಿಹಾರಕ್ಕೆ ಮಿತಿ ಇದೆ. ಆ ಮಿತಿ ಎಷ್ಟಿರಬೇಕು ಎಂದು ಆರಿಸುವುದು ನೀವೇ. ಎಲ್ಲಕ್ಕಿಂತ ಅಗ್ಗದ ಪಾಲಿಸಿಗೆ ಕ್ಲಿಕ್ ಮಾಡಿದರೆ ಸಿಗುವುದು ಕಾನೂನಿನ ಕನಿಷ್ಠ ಮೊತ್ತ ಮಾತ್ರ.

ಮೊದಲು ನಿಮ್ಮ ರಾಜ್ಯದ ಅಂಕಿ

ಕಾರು ವಿಮೆಗೆ ಅಲ್ಲಿ ದೇಶಕ್ಕೆಲ್ಲ ಒಂದೇ ಕಾನೂನಿಲ್ಲ, ರಾಜ್ಯಕ್ಕೊಂದು. ಎದುರಿನವರಿಗೆ ಕೊಡುವ ಈ ಪರಿಹಾರದ ಕವರೇಜ್‌ಗೆ ಲಯಬಿಲಿಟಿ ಎನ್ನುತ್ತಾರೆ, ಅದರ ಮಿತಿಯನ್ನು ಸಾವಿರ ಡಾಲರ್ ಲೆಕ್ಕದಲ್ಲಿ ಮೂರು ಅಂಕಿಗಳಾಗಿ ಬರೆಯುತ್ತಾರೆ (ಯಾವ ಅಂಕಿ ಯಾವುದಕ್ಕೆ ಎಂದು ಮುಂದೆ ನೋಡೋಣ). ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಕನಿಷ್ಠ ಲಯಬಿಲಿಟಿ 30/60/15. ಅದಕ್ಕೂ ಮೊದಲು 15/30/5 ಇತ್ತು, ಅದೂ ಐವತ್ತು ವರ್ಷಕ್ಕಿಂತ ಜಾಸ್ತಿ ಕಾಲ! ಟೆಕ್ಸಾಸ್‌ನಲ್ಲಿ 30/60/25. ನಾರ್ತ್ ಕ್ಯಾರೊಲಿನಾ 2025ರ ಜುಲೈಯಿಂದ 50/100/50ಕ್ಕೆ ಏರಿಸಿದೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹೆಚ್ಚಿನವರಿಗೆ ಇನ್ಶೂರೆನ್ಸ್ ಕಡ್ಡಾಯವೇ ಅಲ್ಲ, ಆದರೆ ಗುದ್ದಿದರೆ ಹಣ ಕಟ್ಟುವ ಹೊಣೆ ತಪ್ಪುವುದಿಲ್ಲ. ಕೆಲಸ ಬದಲಾಗಿ ರಾಜ್ಯ ಬದಲಾದರೆ ಹಳೆಯ ಪಾಲಿಸಿಯಲ್ಲೇ ಓಡಾಡಬೇಡಿ, ಹೊಸ ರಾಜ್ಯಕ್ಕೆ ತಕ್ಕಂತೆ ಬದಲಿಸಿ.

ಈಗ ಪಾಲಿಸಿಯ ಮೊದಲ ಪುಟ ತೆರೆಯಿರಿ

ಅದನ್ನು ಡಿಕ್ಲರೇಷನ್ಸ್ ಪೇಜ್ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದ ಕನಿಷ್ಠ ಪಾಲಿಸಿಯಾದರೆ ಬಾಡಿಲಿ ಇಂಜುರಿ ಎಂಬ ಸಾಲಿನ ಮುಂದೆ 30,000/60,000 ಎಂದಿರುತ್ತದೆ. ನಿಮ್ಮ ತಪ್ಪಿನಿಂದ ಗಾಯಗೊಂಡ ಒಬ್ಬರಿಗೆ ಹೆಚ್ಚೆಂದರೆ 30 ಸಾವಿರ ಡಾಲರ್. ಎಷ್ಟೇ ಜನರಿಗೆ ಗಾಯವಾಗಿರಲಿ, ಆ ಅಪಘಾತಕ್ಕೆ ಒಟ್ಟು 60 ಸಾವಿರ. ಕೆಳಗಿನ ಪ್ರಾಪರ್ಟಿ ಡ್ಯಾಮೇಜ್ ಸಾಲಿನಲ್ಲಿ 15,000. ಎದುರಿನ ಕಾರು, ಯಾರದೋ ಬೇಲಿ, ರಸ್ತೆಯ ಕಂಬ ಎಲ್ಲವೂ ಅಷ್ಟರೊಳಗೇ ಬರಬೇಕು.

ಸಾಲದೇ? ಲೆಕ್ಕ ಹಾಕಿ ನೋಡೋಣ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಒಂದು ಸಿಗ್ನಲ್‌ನಲ್ಲಿ ನೀವು ಎಡಕ್ಕೆ ತಿರುಗುವಾಗ ಎದುರಿಂದ ಬಂದ ಕಾರಿಗೆ ಗುದ್ದಿದಿರಿ, ತಪ್ಪು ನಿಮ್ಮದೇ ಎಂದಿಟ್ಟುಕೊಳ್ಳಿ. ಅದರ ಚಾಲಕನ ಆಸ್ಪತ್ರೆ ಖರ್ಚು 85 ಸಾವಿರ ಡಾಲರ್, ಪಕ್ಕದಲ್ಲಿದ್ದವರದು 20 ಸಾವಿರ, ಕಾರಿನ ನಷ್ಟ 40 ಸಾವಿರ. ನಿಮ್ಮ ಕಂಪನಿ ಚಾಲಕನಿಗೆ 30, ಪಕ್ಕದವರಿಗೆ ಪೂರ್ತಿ 20, ಕಾರಿಗೆ 15 ಸಾವಿರ ಕೊಡುತ್ತದೆ. ಉಳಿದ 80 ಸಾವಿರ ಡಾಲರ್? ಅದನ್ನು ಅವರು ನಿಮ್ಮಿಂದಲೇ ಕೇಳಬಹುದು. ಕೋರ್ಟ್ ತೀರ್ಪು ಅವರ ಕಡೆ ಬಂದರೆ ಸಂಬಳದಿಂದ ಮುರಿದುಕೊಳ್ಳುವುದಕ್ಕೂ ದಾರಿ ಇದೆ.

'ನಂದು ಫುಲ್ ಕವರೇಜ್, ನನಗೇನು' ಎನ್ನುವವರಿದ್ದಾರೆ. ಅದರಲ್ಲಿ ಕೊಲಿಜನ್ (ಗುದ್ದಿ ಆದ ಹಾನಿಗೆ) ಮತ್ತು ಕಾಂಪ್ರಹೆನ್ಸಿವ್ (ಕಳ್ಳತನ, ಬೆಂಕಿಯಂಥ ನಷ್ಟಕ್ಕೆ) ಸೇರಿರುತ್ತದೆ, ಸರಿ. ಆದರೆ ಅವೆರಡೂ ನಿಮ್ಮ ಕಾರಿಗೆ. ಲಯಬಿಲಿಟಿ ಸಾಲಿನಲ್ಲಿ 30/60/15 ಹಾಗೇ ಕೂತಿರಬಹುದು.

ಎಷ್ಟಕ್ಕೆ ಏರಿಸಬೇಕು?

ನಿಮ್ಮ ಉಳಿತಾಯ, ಶೇರು, ಮನೆ ಎಲ್ಲ ಸೇರಿಸಿ ಕಳೆದುಕೊಳ್ಳುವಂಥದ್ದು ಎಷ್ಟಿದೆ ನೋಡಿ. ಸಂಸಾರ, ಕೈತುಂಬ ಸಂಬಳ ಇದ್ದವರು 100/300/100ಕ್ಕಿಂತ ಕೆಳಗೆ ಇರಬಾರದು ಎಂಬುದು ನನ್ನ ಅಭಿಪ್ರಾಯ. ಮಿತಿ ಮೂರುಪಟ್ಟು ಏರಿಸಿದರೆ ಪ್ರೀಮಿಯಂ ಮೂರುಪಟ್ಟು ಆಗುವುದಿಲ್ಲ, ಎರಡಕ್ಕೂ ಕೊಟೇಶನ್ ತರಿಸಿ ಪಕ್ಕಪಕ್ಕ ಇಟ್ಟು ನೋಡಿ. ಹಣ ಉಳಿಸಲೇಬೇಕೆಂದರೆ ಕೊಲಿಜನ್‌ನ ಡಿಡಕ್ಟಿಬಲ್ ಅನ್ನು (ಕ್ಲೇಮ್‌ನಲ್ಲಿ ಮೊದಲು ನಿಮ್ಮ ಕೈಯಿಂದ ಕಟ್ಟುವ ಪಾಲು) 500 ಡಾಲರ್‌ನಿಂದ 1,000ಕ್ಕೆ ಏರಿಸಿ, ಲಯಬಿಲಿಟಿಗೆ ಕತ್ತರಿ ಹಾಕಬೇಡಿ. ಮನೆ ಇರುವವರು ಈ ಮಿತಿಗಳು ಮುಗಿದ ಮೇಲೆ ನೆರವಿಗೆ ಬರುವ ಅಂಬ್ರೆಲಾ ಪಾಲಿಸಿಯನ್ನೂ ವಿಚಾರಿಸಬಹುದು. ಸಾಮಾನ್ಯವಾಗಿ 10 ಲಕ್ಷ ಡಾಲರ್‌ನಿಂದ ಶುರು.

ಹಾಗೆಯೇ ಅನ್‌ಇನ್ಶೂರ್ಡ್ ಮೋಟರಿಸ್ಟ್ ಕವರೇಜ್. ವಿಮೆಯೇ ಇಲ್ಲದವರು ಬಂದು ನಿಮಗೆ ಗುದ್ದಿದರೆ ನಿಮ್ಮ ಆಸ್ಪತ್ರೆ ಖರ್ಚಿಗೆ ಒದಗುವುದು ಇದು. ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಇದನ್ನು ಕೊಡಲೇಬೇಕು, ಬೇಡ ಎನ್ನುವವರು ಬರೆದು ಸಹಿ ಹಾಕಬೇಕು. ಆನ್‌ಲೈನ್‌ನಲ್ಲಿ ಸುಮ್ನೆ ಟಿಕ್ ಒತ್ತುತ್ತಾ ಹೋಗುವಾಗ ಆ ಸಹಿಯೂ ಬಿದ್ದುಬಿಡುತ್ತದೆ, ಜೋಕೆ.

ಅಪ್ಪ ಓಡಿಸಬಹುದಾ?

ಊರಿಂದ ಬಂದ ಅಪ್ಪ ಇಂಡಿಯಾದ ಲೈಸೆನ್ಸ್‌ನಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಕಾರು ಓಡಿಸಬಹುದು, ಪ್ರವಾಸಿಗರಿಗೆ ಅವಕಾಶ ಇದೆ. ಪಾಲಿಸಿಯ ಮಾತು ಬೇರೆ. ಅಪರೂಪಕ್ಕೊಮ್ಮೆ ಕೀ ಕೊಟ್ಟರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಕೆಲವು ಪಾಲಿಸಿಗಳಲ್ಲಿ ಹೆಸರಿಲ್ಲದ ಚಾಲಕರಿಗೆ ನಿಮ್ಮ ಮಿತಿ ಸಿಗುವುದಿಲ್ಲ, ರಾಜ್ಯದ ಕನಿಷ್ಠಕ್ಕೆ ಇಳಿಯುತ್ತದೆ. ಆರು ತಿಂಗಳು ನಿಮ್ಮ ಮನೆಯಲ್ಲೇ ಇದ್ದು, ಮೊಮ್ಮಗನನ್ನು ದಿನಾ ಸ್ಕೂಲಿಗೆ ಬಿಡುವವರಾದರೆ ಏಜೆಂಟ್‌ಗೆ ಫೋನ್ ಮಾಡಿ ಅವರ ಹೆಸರು ಸೇರಿಸಿ.

ಗುದ್ದಿದ ಮೇಲೆ

ಎದುರಿನವರ ಇನ್ಶೂರೆನ್ಸ್ ಕಾರ್ಡ್, ಲೈಸೆನ್ಸ್, ನಂಬರ್ ಪ್ಲೇಟ್ ಫೋಟೊ ತೆಗೆದುಕೊಳ್ಳಿ. ಅಲ್ಲೇ ನಿಂತು ತಪ್ಪು ಯಾರದೆಂದು ವಾದ ಬೇಡ. ಕಂಪನಿಗೆ ತಿಳಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಯಾರಿಗಾದರೂ ಗಾಯವಾಗಿದ್ದರೆ ಅಥವಾ ಒಬ್ಬರ ಆಸ್ತಿಗೆ 1,000 ಡಾಲರ್‌ಗಿಂತ ಜಾಸ್ತಿ ಹಾನಿಯಾಗಿದ್ದರೆ 10 ದಿನದೊಳಗೆ ಡಿಎಂವಿಗೆ (ನಮ್ಮ ಆರ್‌ಟಿಒ ಥರದ ಇಲಾಖೆ) ಅಪಘಾತದ ವರದಿಯಾದ ಎಸ್‌ಆರ್-1 ಫಾರ್ಮ್ ಸಲ್ಲಿಸಬೇಕು. ತಪ್ಪು ನಿಮ್ಮದಲ್ಲದಿದ್ದರೂ, ಪೊಲೀಸರು ರಿಪೋರ್ಟ್ ಬರೆದಿದ್ದರೂ ಇದನ್ನು ಬೇರೆಯಾಗಿ ಸಲ್ಲಿಸಲೇಬೇಕು. ಬಿಟ್ಟರೆ ಲೈಸೆನ್ಸ್ ಅಮಾನತಾಗಬಹುದು.